ನೀರಿನ ಕಂಪ್ಲೇಂಟು

ಮೂಡಲಪಾಳ್ಯ, ಬೆಂಗಳೂರು
24 ಆಗಸ್ಟ್ 2025

ಅತ್ತಿಗೆ,

ನಾನಿಲ್ಲಿ ಇದ್ದೇನೆ. ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ‘ನಾನಿಲ್ಲಿ ಸುಖವಾಗಿದ್ದೇನೆ’ ಎಂದು ಶುರು ಮಾಡಿಸುತ್ತಿದ್ದರು. ಪಿ.ಜಿ.ಯಲ್ಲಿ ಹಾಗೆ ಶುರು ಮಾಡಿಸುವವರು ಯಾರೂ ಇಲ್ಲ, ಅದಕ್ಕೆ ಇದ್ದೇನೆ ಎಂದಷ್ಟೇ ಬರೆದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಆನಂದಣ್ಣ ನಗುತ್ತಾನೆ ಅಂತ ಗೊತ್ತು. ಆದರೆ ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಹಾಕಿಸುತ್ತಾಳೆ, ಅಣ್ಣ ಪಕ್ಕದಲ್ಲಿ ನಿಂತು ‘ಊಟ ಆಯ್ತಾ ಕೇಳು’ ಅನ್ನುತ್ತಾನೆ, ನಾವಿಬ್ಬರೂ ಊಟದ ಮಾತಾಡಿ ಇಟ್ಟುಬಿಡುತ್ತೇವೆ. ನೀವು ಮದುವೆಯಾಗಿ ಬಂದಾಗಿನಿಂದ ಅಮ್ಮ ಹೇಳಿದ್ದನ್ನೆಲ್ಲ ನೀವೇ ಬರೆದು ಹಾಸ್ಟೆಲಿಗೆ ಹಾಕುತ್ತಿದ್ದಿರಿ. ಕೊನೆಯಲ್ಲಿ ನಿಮ್ಮದೂ ಎರಡು ಸಾಲು. ನನಗೆ ಆ ಎರಡು ಸಾಲೇ ಮನೆ.

ಕಾಲೇಜು ನಡೆಯುತ್ತಿದೆ. ನನ್ನ ಕನ್ನಡ ಕೇಳಿದವರು ಇಂಗ್ಲಿಷ್ ಮೀಡಿಯಮ್ಮಾ ಅನ್ನುತ್ತಾರೆ, ಇಂಗ್ಲಿಷ್ ಕೇಳಿದವರು ಯಾವ ಊರು ಅನ್ನುತ್ತಾರೆ. ಅಟೆಂಡೆನ್ಸ್ ಕರೆಯುವಾಗ ‘ಪ್ರೆಸೆಂಟ್’ ಅನ್ನುವುದನ್ನೂ ನಾನು ಎರಡೆರಡು ಸಲ ಹೇಳಬೇಕಾಗುತ್ತದೆ. ಒಬ್ಬಳೇ ಗೆಳತಿ, ಮೇಧಾ, ಬಸವೇಶ್ವರನಗರದವಳು. ಅವಳು ತನ್ನ ಪಕ್ಕದ ಮನೆಯ ಪಂಕಜಾ ಆಂಟಿಯ ಗುಂಪಿಗೆ ನನ್ನನ್ನು ಕರೆದುಕೊಂಡು ಹೋದಳು. ಆಂಟಿ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಎಲ್ಲ ಕಡೆ ಪರಿಚಯ. ಇದು ಹೆಂಗಸರ ಆರೋಗ್ಯದ ವಿಷಯ. ಅನ್ನಪೂರ್ಣೇಶ್ವರಿ ನಗರದ ಕಡೆ ಒಂದು ಆಸ್ಪತ್ರೆಯವರು ಯಾವುದಕ್ಕೋ ಗಂಡನ ಸಹಿ ಬೇಕು ಅನ್ನುತ್ತಾರಂತೆ, ಕೇಳಬಾರದಂತೆ. ಶನಿವಾರ ಬೋರ್ಡು ಹಿಡಿದು ಗೇಟಿನ ಹೊರಗೆ ನಿಂತಿದ್ದೆವು. ನಾನು ಬೋರ್ಡನ್ನು ಮುಖಕ್ಕೆ ಅಡ್ಡ ಹಿಡಿದಿದ್ದೆ. ಸ್ಕೂಟರಿನವನೊಬ್ಬ ನಿಲ್ಲಿಸಿ, ‘ಏನಮ್ಮ, ಓದೋಕ್ ಕಳ್ಸಿದ್ರೆ ರೋಡಲ್ಲಿ ನಿಂತಿದೀರ?’ ಅಂದ. ಪಂಕಜಾ ಆಂಟಿ, ‘ನಾವ್ ಫುಟ್‌ಪಾತಲ್ಲಿದೀವಿ ಸಾರ್. ರೋಡಲ್ಲಿರೋದು ನಿಮ್ ಗಾಡಿ, ಹಿಂದೆ ಬಸ್ ನಿಂತಿದೆ ನೋಡಿ’ ಅಂದರು.

ಇದನ್ನೆಲ್ಲ ಅಣ್ಣನಿಗೆ ಹೇಳಬೇಡಿ.

ನಿಮ್ಮ ನಿಸರ್ಗ


ಊರಿನಿಂದ, ಮಧುಗಿರಿ ತಾಲ್ಲೂಕು
3 ಸೆಪ್ಟೆಂಬರ್ 2025

ನಿಸರ್ಗ,

ನಿನ್ನ ಕಾಗದ ಬಂತು. ಅತ್ತೆ ಹಿತ್ತಲಿನಲ್ಲಿದ್ದಾಗ ಓದಿದೆ. ಬೋರ್ಡಿನಲ್ಲಿ ಏನು ಬರೆದಿತ್ತು ಅಂತ ನೀನು ತಿಳಿಸಿಲ್ಲ. ಗಂಡನ ಸಹಿ ಯಾವುದಕ್ಕೆ ಕೇಳುತ್ತಾರೆ ಅಂತ ಎರಡು ಮಕ್ಕಳ ತಾಯಿಗೆ ಬಿಡಿಸಿ ಹೇಳುವುದು ಬೇಡ.

ದೊಡ್ಡವಳು ಅಂಗನವಾಡಿಗೆ ಹೋಗುತ್ತಾಳೆ. ಚಿಕ್ಕವಳು ಅಂಬೆಗಾಲಿಡುತ್ತಾಳೆ, ಇನ್ನೂ ಹಾಲು ಬಿಟ್ಟಿಲ್ಲ. ಹೆರಿಗೆಯ ಆಪರೇಷನ್ ಆದ ಕಡೆ ಬಗ್ಗಿದರೆ ಈಗಲೂ ಚುಳುಕ್ ಅನ್ನುತ್ತದೆ. ಬೆಳಿಗ್ಗೆ ಎದ್ದಾಗಲೇ ರಾತ್ರಿಯ ಸುಸ್ತು ಇರುತ್ತದೆ.

ಒಂದು ವಿಷಯ ಬರೆಯಬೇಕು. ನೀರು ನಿಂತು ಎರಡು ತಿಂಗಳಾಗುತ್ತಾ ಬಂತು. ನಿಮ್ಮಣ್ಣನಿಗೆ ಹೇಳಿದೆ. ‘ಆಗ್ಲಿ ಬಿಡು, ಏನೀಗ’ ಅಂದು ಪಂಕ್ಚರ್ ಅಂಗಡಿಗೆ ಹೋದರು. ಅತ್ತೆಯ ಹತ್ತಿರ ಈ ಮಾತು ಎತ್ತುವ ಹಾಗಿಲ್ಲ, ನಿನಗೆ ಗೊತ್ತಲ್ಲ. ಇಲ್ಲಿ ಯಾರನ್ನು ಕೇಳಿದರೂ ಊರಿಗೆಲ್ಲ ಸುದ್ದಿ. ನನಗೆ ಆಗುವುದಿಲ್ಲ ನಿಸರ್ಗ, ಇನ್ನು ಹೊರಲಾರೆ. ಅಲ್ಲಿ ದೊಡ್ಡವರ ಪರಿಚಯವಾಗಿದೆ ಅಂದಿದ್ದೀಯ. ವಿಚಾರಿಸಿ ಬೇಗ ಬರಿ. ತಡವಾದಷ್ಟೂ ಕಷ್ಟ.

ಸುವರ್ಣಾ


ಮೂಡಲಪಾಳ್ಯ
9 ಸೆಪ್ಟೆಂಬರ್ 2025

ಅತ್ತಿಗೆ,

ಎರಡು ತಿಂಗಳಿಂದ ನೀರು ಹೊರುತ್ತಿದ್ದೀರಿ, ನನಗೆ ಮೊದಲೇ ಯಾಕೆ ಬರೆಯಲಿಲ್ಲ? ಆಪರೇಷನ್ ಆದ ಮೈಯಲ್ಲಿ ಕೊಡ ಎತ್ತುವುದು ಅಂದರೇನು. ಅಣ್ಣನಿಗೆ ‘ಆಗ್ಲಿ ಬಿಡು’ ಅನ್ನುವುದು ಸುಲಭ, ಅವನು ಅಂಗಡಿಯಲ್ಲೇ ಕೈಕಾಲು ತೊಳೆದು ಬರುತ್ತಾನೆ. ಅಮ್ಮ ಪಂಚಾಯ್ತಿಯವರ ಜೊತೆ ಜಗಳ ಬೇಡ ಅನ್ನುವವಳು, ಅದೂ ಗೊತ್ತು.

ಪಂಕಜಾ ಆಂಟಿಯನ್ನು ಕೇಳಲಿಲ್ಲ. ಅವರಿಗ್ಯಾಕೆ ತೊಂದರೆ, ಇಷ್ಟಾದರೂ ನಾನೇ ಮಾಡಬಹುದು ಅನ್ನಿಸಿತು. ಪಂಚಾಯ್ತಿಯ ನಂಬರು ಹುಡುಕಿ ಫೋನ್ ಮಾಡಿದೆ. ಗೊತ್ತಿಲ್ಲದವರ ಜೊತೆ ಮಾತಾಡಬೇಕೆಂದರೆ ನನಗೆ ಅರ್ಧ ಮಾತು ಮರೆತುಹೋಗುತ್ತದೆ, ಅದಕ್ಕೆ ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡೆ. ‘ಶಿವಕ್ಕನ ಮನೆಗೆ ಎರಡು ತಿಂಗಳಿಂದ ನೀರು ನಿಂತಿದೆ’ ಎಂದು ಅಮ್ಮನ ಹೆಸರಿನಲ್ಲೇ ಕಂಪ್ಲೇಂಟು ಕೊಟ್ಟೆ. ವಾಟರ್‌ಮ್ಯಾನ್ ಚಿಕ್ಕಹನುಮಯ್ಯನನ್ನು ಕಳಿಸುತ್ತಾರಂತೆ. ನನ್ನಿಂದ ಒಂದು ಕೆಲಸ ಆಯಿತು ಅನ್ನಿಸಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಬೋರ್ಡಿನ ವಿಷಯ ಹೇಳಿಬಿಡುತ್ತೇನೆ, ನೀವು ಹೇಗೂ ಊಹಿಸಿದ್ದೀರಿ. ಅಬಾರ್ಷನ್. ಬೇಡ ಎಂದು ಹೆಂಗಸು ಹೋದರೆ ಅವಳೊಬ್ಬಳ ಸಹಿ ಸಾಕು ಎಂದು ಕಾನೂನು ಹೇಳುತ್ತದಂತೆ, ಹದಿನೆಂಟು ತುಂಬಿದ್ದರೆ ಗಂಡ, ಅತ್ತೆ ಯಾರೂ ಬೇಕಿಲ್ಲ. ಆಸ್ಪತ್ರೆಯ ಗೋಡೆ ಮೇಲೆ ಹೆಣ್ಣೋ ಗಂಡೋ ಪತ್ತೆ ಮಾಡುವುದು ಅಪರಾಧ ಎಂಬ ಫಲಕ ಇರುತ್ತದಲ್ಲ, ಜನ ಅದನ್ನು ಓದಿ ಎಲ್ಲವೂ ಅಪರಾಧ ಅಂದುಕೊಂಡಿದ್ದಾರೆ. ಈ ವಾರ ಮೇಧಾ ಡಿಕ್ಷನರಿ ನೋಡಿ ಹೊಸ ಬೋರ್ಡು ಬರೆದಳು: ‘ಭ್ರೂಣಹತ್ಯೆ ನಮ್ಮ ಹಕ್ಕು’. ನನಗೂ ಸರಿಯಾಗೇ ಇದೆ ಅನ್ನಿಸಿ ಕೆಂಪು ಬಾರ್ಡರ್ ಹಾಕಿಕೊಟ್ಟೆ. ಪಂಕಜಾ ಆಂಟಿ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ‘ಹತ್ಯೆ ಅಂತ ನೀವೇ ಬರ್ಕೊಂಡು ಹಕ್ಕು ಕೇಳ್ತೀರೇನ್ರೇ? ಪೊಲೀಸ್‌ನೋರ್ಗೆ ಕೆಲ್ಸಾನೇ ಇಟ್ಟಿಲ್ವಲ್ಲ.’ ಬೇರೆ ಪದ ಯಾರಿಗೂ ಹೊಳೆಯಲಿಲ್ಲ. ಬೋರ್ಡಿಲ್ಲದೆ ನಿಂತೆವು.

ನೀರು ಬಂದ ತಕ್ಷಣ ತಿಳಿಸಿ.

ನಿಸರ್ಗ


ಊರಿನಿಂದ
17 ಸೆಪ್ಟೆಂಬರ್ 2025

ನಿಸರ್ಗ,

ಚಿಕ್ಕಹನುಮಯ್ಯ ಸ್ಪ್ಯಾನರ್ ಹಿಡಿದು ಬಂದಿದ್ದ. ನಲ್ಲಿ ತಿರುಗಿಸಿದ, ನೀರು ಧಾರಾಳವಾಗಿ ಬಂತು. ‘ಏನಕ್ಕಾ, ನೀರ್ ಬತ್ತಾ ಅದಲ್ಲ, ಕಂಪ್ಲೇಂಟ್ ಯಾಕ್ ಕೊಟ್ರಿ’ ಅಂದ. ‘ಯಾವನ್ ಕೊಟ್ನೋ, ನಾನ್ ಕಾಣೆ’ ಅಂದರು ಅತ್ತೆ. ಅವನು ಕಾಫಿ ಕುಡಿದು ಹೋದ.

ನಿನ್ನ ಕಾಗದ ಓದಿದೆ, ಮತ್ತೆ ಓದಿದೆ. ಇಲ್ಲ ಅನ್ನುವುದನ್ನು ಹೀಗೂ ಹೇಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಓದಿದವಳು ನೀನು. ಕಾನೂನನ್ನೂ ಬರೆದೆ, ನನ್ನ ಮಾತನ್ನು ನಲ್ಲಿಗೂ ತಿರುಗಿಸಿದೆ. ಅಣ್ಣನ ಸಂಸಾರದಲ್ಲಿ ತಂಗಿ ಕೈ ಹಾಕಬಾರದು ಅನ್ನಿಸಿದ್ದರೆ ಅದೂ ನ್ಯಾಯವೇ. ನನಗೆ ಬೇಜಾರಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವಿರಬೇಕು.

ಇನ್ನು ಕೇಳುವುದಿಲ್ಲ. ನೀನು ಚೆನ್ನಾಗಿ ಓದು.

ಸುವರ್ಣಾ


ಮೂಡಲಪಾಳ್ಯ
28 ಸೆಪ್ಟೆಂಬರ್ 2025

ಅತ್ತಿಗೆ,

ಮಧ್ಯಾಹ್ನ ಫೋನಿನಲ್ಲಿ ಆದದ್ದನ್ನು ನೀವು ಕೇಳಿಸಿಕೊಂಡಿದ್ದೀರಿ. ಅದಕ್ಕೆ ಮೊದಲು ಏನಾಯಿತು ಎಂದು ಬರೆಯುತ್ತೇನೆ.

ನಿಮ್ಮ ಹೋದ ಕಾಗದ ನನಗೆ ಅರ್ಥವೇ ಆಗಿರಲಿಲ್ಲ. ನಾನು ಯಾವಾಗ ಇಲ್ಲ ಅಂದೆ, ಯಾವುದಕ್ಕೆ ಅಂದೆ ಎಂದು ದಿನಗಟ್ಟಲೆ ಯೋಚಿಸಿದೆ. ಉತ್ತರ ಬರೆಯಲು ಕೂತರೆ ಹೆದರಿಕೆಯಾಗುತ್ತಿತ್ತು. ಇಂಟರ್ನಲ್ಸ್ ಮುಗಿಯಲಿ ಎಂದು ಬಿಟ್ಟೆ.

ಇವತ್ತು ಪಾರ್ಕಿನಲ್ಲಿ ಪಂಕಜಾ ಆಂಟಿ ಎಲ್ಲರನ್ನೂ ಸುತ್ತ ಕೂರಿಸಿ, ‘ಬೋರ್ಡ್ ಆಮೇಲೆ ಬರಿಯೋಣ. ಮೊದ್ಲು ಇದಕ್ಕೆ ನಿಮ್ ನಿಮ್ ಮನೇಲಿ ಏನಂತಾರೆ ಹೇಳಿ’ ಅಂದರು. ಸಿಂಧನೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿರುವ ದುರ್ಗವ್ವ, ‘ನಮ್ ಕಡೆ ಹೊಟ್ಟಿ ತೆಗಸೋದು ಅಂತೀವ್ರಿ’ ಅಂದಳು. ವಿಜಯನಗರದ ಒಬ್ಬರು, ‘ನಾವು ಕ್ಲೀನ್ ಮಾಡ್ಸೋದು ಅಂತೀವಿ. ಸಂಪ್ ಕ್ಲೀನ್ ಮಾಡ್ಸಿದಂಗೆ’ ಅಂದು ತಾವೇ ನಕ್ಕರು. ಮೂಲೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದ ಕುಣಿಗಲ್ಲಿನ ಹೆಂಗಸು, ‘ಅದನ್ ಅಂಬೋದ್ ಇರ್ಲಿ, ಅದಕ್ ಮುಂಚೆ ನೀರ್ ನಿಂತವೆ ಅಂತ ಯಾರ್ಗಾದ್ರೂ ಬಾಯ್ಬಿಟ್ಟು ಹೇಳ್ಬೇಕಲ್ಲ. ಅದೇ ಬರಲ್ಲ’ ಅಂದಳು.

‘ಯಾವ ನೀರು?’ ಅಂತ ಕೇಳಿದೆ.

ಎಲ್ಲರೂ ನಕ್ಕರು. ‘ತಿಂಗಳ್ ತಿಂಗಳ್ ಹುಯ್ಕಳೋ ನೀರು ಕಣವ್ವ. ಮುಟ್ಟಾಗ್ದಿದ್ರೆ ನಿಲ್ತದಲ್ಲ’ ಅಂದಳು ಹೂವಿನವಳು. ದುರ್ಗವ್ವ, ‘ಎಲ್ಲಿ ಬೆಳದಾಳ ಈ ಹುಡುಗಿ?’ ಅಂದಳು. ‘ಹಾಸ್ಟೆಲಲ್ಲಿ’ ಅಂದಳು ಮೇಧಾ. ಹಾಸ್ಟೆಲಿನಲ್ಲಿ ನಮಗೆ ಡೇಟ್ ಎಂಬ ಒಂದೇ ಮಾತಿತ್ತು ಅತ್ತಿಗೆ. ನನ್ನನ್ನು ಆರನೇ ಕ್ಲಾಸಿಗೇ ಕಳಿಸಿಬಿಟ್ಟರು. ಹಿತ್ತಲಿನಲ್ಲಿ ಹೆಂಗಸರು ಆಡುವ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ.

ಎದ್ದು ಗೇಟಿನ ಹತ್ತಿರ ಹೋಗಿ ಫೋನ್ ಮಾಡಿದೆ. ಸ್ಪೀಕರಿನಲ್ಲಿ ಅಮ್ಮ ಇದ್ದಾಳೆ ಎಂದು ಗೊತ್ತಿತ್ತು. ನೀರಿನ ಮಾತೇ ಆಡಿದರೆ ಅಮ್ಮ ನಲ್ಲಿಯ ವಿಷಯ ಅಂದುಕೊಳ್ಳುತ್ತಾಳೆ, ನಿಮಗೆ ಮಾತ್ರ ತಿಳಿಯುತ್ತದೆ ಎಂದು ಭಾರಿ ಉಪಾಯ ಮಾಡಿದೆ. ‘ಅತ್ತಿಗೆ, ನೀರು ಇನ್ನೂ ನಿಂತೇ ಇದ್ಯಾ? ಎಷ್ಟ್ ತಿಂಗಳಾಯ್ತು?’ ಅಂದೆ. ಕೇಳುವಾಗ ನನ್ನ ದನಿ ಹೇಗಿತ್ತೋ. ಅಮ್ಮ, ‘ಯಾರ್ಗೇ ನೀರ್ ನಿಂತಿರೋದು?’ ಅಂದಳು. ಅಮ್ಮ ಆ ಮಾತಿನಲ್ಲೇ ಬೆಳೆದವಳು. ಮನೆಯಲ್ಲಿ ಅದು ಗೊತ್ತಿಲ್ಲದವಳು ನಾನೊಬ್ಬಳೇ ಎಂಬುದು ಬಾಯಿ ಬಿಟ್ಟ ಮೇಲೆ ಹೊಳೆಯಿತು.

ಕ್ಷಮಿಸಿ ಎಂದರೆ ಸಾಲದು. ಪಂಕಜಾ ಆಂಟಿಗೆ ಎಲ್ಲ ಹೇಳಿದೆ. ಇನ್ನೂ ಕಾಲ ಮಿಂಚಿಲ್ಲ ಅನ್ನುತ್ತಾರೆ. ನಿಮ್ಮ ಸಹಿ ಒಂದೇ ಸಾಕು. ಆಸ್ಪತ್ರೆಯ ದೊಡ್ಡ ಡಾಕ್ಟರು ನಮ್ಮನ್ನು ಒಳಗೆ ಕರೆದು ಚಹಾ ಕೊಟ್ಟು, ಸಿಬ್ಬಂದಿಗೆ ಹೇಳಿದ್ದೇನೆ, ಇನ್ನು ಗಂಡನ ಸಹಿ ಕೇಳುವುದಿಲ್ಲ ಅಂದಿದ್ದಾರೆ. ಬಾಯಿಮಾತು ಅಷ್ಟೇ, ಬರೆದುಕೊಟ್ಟಿಲ್ಲ. ಹಾಗೇನಾದರೂ ಕೇಳಿದರೆ ತಾನಿದ್ದೇನೆ ಅನ್ನುತ್ತಾರೆ ಆಂಟಿ. ನೀವು ಬನ್ನಿ. ಬೇಡ ಅನ್ನಿಸಿದರೆ ಅದನ್ನೂ ಬರೆಯಿರಿ. ಏನು ಬರೆದರೂ ಈ ಸಲ ಅರ್ಥವಾಗದಿದ್ದರೆ ಇನ್ನೊಬ್ಬರನ್ನು ಕೇಳಿ ಓದುತ್ತೇನೆ.

ನಿಸರ್ಗ


ಊರಿನಿಂದ
4 ಅಕ್ಟೋಬರ್ 2025

ಮಗಳು ನಿಸರ್ಗಂಗೆ ನಿಮ್ಮಮ್ಮ ಶಿವಕ್ಕ ಹೇಳಿ ಬರೆಸಿದ್ದು. ಆಯುಧಪೂಜೆ ಆಯ್ತು, ನಿಮ್ಮಣ್ಣ ಗಾಳಿ ಮಿಷನ್ನಿಗೆ ಕುಂಬಳಕಾಯಿ ಒಡೆದ. ನೀನ್ ಕೇಳಿದ್ದು ಒಳ್ಳೇದೇ ಆಯ್ತು, ಇವಳು ನನಗೆ ಉಸಿರೇ ಬಿಟ್ಟಿರಲಿಲ್ಲ. ದೀಪಾವಳಿ ಕಳೀಲಿ, ಆಸ್ಪತ್ರೆಗೆ ಕರ್ಕೊಂಡೋಗಿ ತಾಯಿ ಕಾರ್ಡ್ ಮಾಡಿಸ್ತೀನಿ. ಇದಾದ್ರೂ ಗಂಡಾದ್ರೆ ನಮ್ಮ ಮನೆದೇವರಿಗೆ ಬೆಳ್ಳಿ ಕಣ್ಣು ಮಾಡಿಸ್ತೀನಿ ಅಂತ ಹರಸಿಕೊಂಡಿದೀನಿ. ಸುಸ್ತು ಅಂತಾಳೆ, ಯಾರ್ಗಿಲ್ಲ ಸುಸ್ತು. ನಾನು ನಿನ್ನ ಹೆತ್ತು ಒಂದ್ ವಾರಕ್ಕೆ ರಾಗಿ ಕುಯ್ಯೋಕೆ ಹೋಗಿದ್ದೆ. ನೀನು ತಲೆಗೆ ಎಣ್ಣೆ ಹಚ್ಕೋ, ಬಿಸಿಲಲ್ಲಿ ತಿರುಗಬೇಡ.

ಇಲ್ಲಿಂದ ಕೆಳಗೆ ನನ್ನದು. ಅತ್ತೆ ಎದುರಿಗೇ ಕೂತಿದ್ದಾರೆ, ನಾನಿನ್ನೂ ಅವರು ಹೇಳಿದ್ದನ್ನೇ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾರೆ. ನೀನು ಇಲ್ಲ ಅಂದೆ ಅಂದುಕೊಂಡಿದ್ದೆ, ಹಾಗಲ್ಲ ಅಂತ ತಿಳಿದ ದಿನ ಚೆನ್ನಾಗಿ ನಿದ್ದೆ ಬಂತು. 13ನೇ ತಾರೀಕು ಸೋಮವಾರ ಚಿಕ್ಕವಳನ್ನು ಎತ್ತಿಕೊಂಡು ಬರುತ್ತೇನೆ. ದೊಡ್ಡಬಳ್ಳಾಪುರದ ಅಕ್ಕನ ಮನೆಗೆ ಅಂತ ಇಲ್ಲಿ ಹೇಳಿದ್ದೇನೆ. ಮೆಜೆಸ್ಟಿಕ್‌ನಲ್ಲಿ ನಿಂತಿರು, ನನಗೆ ಅಲ್ಲಿ ದಿಕ್ಕು ತಿಳಿಯುವುದಿಲ್ಲ.


ಮೂಡಲಪಾಳ್ಯ
19 ಅಕ್ಟೋಬರ್ 2025

ಅತ್ತಿಗೆ,

ನಿಮ್ಮನ್ನು ಬಸ್ಸು ಹತ್ತಿಸಿ ಮೆಟ್ರೋದಲ್ಲಿ ವಾಪಸ್ಸು ಬರುವಾಗ ಕೂರಲು ಜಾಗ ಸಿಕ್ಕಿತು. ಹಾಗೇ ನಿದ್ದೆ ಹೋಗಿ, ಇಳಿಯಬೇಕಾದ ಸ್ಟೇಷನ್ ದಾಟಿ ಕೆಂಗೇರಿಯಲ್ಲಿ ಎಚ್ಚರವಾಯಿತು.

ಇಲ್ಲಿದ್ದಷ್ಟು ದಿನ ನಾವು ಮಾತೇ ಆಡಲಿಲ್ಲ ಅನ್ನಿಸುತ್ತದೆ. ಎದುರಿಗಿದ್ದರೆ ನಮಗೆ ಊಟದ ಮಾತು ಬಿಟ್ಟು ಬೇರೆ ಬರುವುದಿಲ್ಲವೇನೋ. ಹಾಗಾಗಿ ಕೇಳಬೇಕಾದ್ದನ್ನು ಈಗ ಕೇಳುತ್ತೇನೆ. ನೋವು ಇದೆಯಾ? ರಕ್ತ ಹೆಚ್ಚು ಹೋದರೆ ತಕ್ಷಣ ಬರಬೇಕು ಎಂದು ಡಾಕ್ಟರು ಅಂದದ್ದು ನೆನಪಿದೆಯಾ? ಗುಳಿಗೆ ಊಟದ ಮೇಲೆ.

ನಮ್ಮ ಆಸ್ಪತ್ರೆಯ ನರ್ಸು ‘ಯಜಮಾನ್ರು ಬಂದಿಲ್ವಾ?’ ಎಂದು ಕೇಳಿಯೇಬಿಟ್ಟಳು. ಅಷ್ಟು ಶನಿವಾರ ಬಿಸಿಲಲ್ಲಿ ನಿಂತದ್ದು ಯಾಕೆ ಎಂದು ನನಗೆ ಕೂತುಬಿಡಬೇಕು ಅನ್ನಿಸಿತು. ಪಂಕಜಾ ಆಂಟಿ ದನಿ ಎತ್ತಲಿಲ್ಲ. ‘ಯಜಮಾನ್ರ ಹೊಟ್ಟೆಲಿಲ್ವಲ್ಲಮ್ಮ. ಇವ್ರದೇ ಸಹಿ ತಗೋ, ನಿಮ್ ಡಾಕ್ಟ್ರು ಒಪ್ಕೊಂಡಿದಾರೆ’ ಅಂದರು. ಅವಳೂ ಸುಸ್ತಾಗಿದ್ದಳು, ಪೆನ್ನು ಕೊಟ್ಟಳು. ಡಾಕ್ಟರು ನಿಮ್ಮನ್ನು ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾ, ಮೊದಲೇ ಬಂದಿದ್ದರೆ ಗುಳಿಗೆಯಲ್ಲೇ ಆಗುತ್ತಿತ್ತು, ಅಡ್ಮಿಟ್ ಆಗಬೇಕಿರಲಿಲ್ಲ ಅಂದರಲ್ಲ. ನೀವು ನನ್ನ ಕಡೆ ನೋಡಲಿಲ್ಲ. ನೋಡಬಾರದು ಎಂದೇ ನೋಡಲಿಲ್ಲ ಎಂದು ನನಗೆ ಗೊತ್ತು. ವಾರ್ಡಿನ ಹೊರಗೆ ಪಾಪುವನ್ನು ಎತ್ತಿಕೊಂಡು ಓಡಾಡುವಾಗ ಅದೇ ಮಾತು ಕೇಳಿಸುತ್ತಿತ್ತು. ಪಾಪು ಹಾಲಿಗೆ ಅತ್ತು ಅತ್ತು ನನ್ನ ದುಪಟ್ಟಾ ಚೀಪುತ್ತಾ ಮಲಗಿತು. ಪಿ.ಜಿ. ಆಂಟಿ ‘ಇದು ಲೇಡೀಸ್ ಪಿ.ಜಿ., ಫ್ಯಾಮಿಲಿ ಅಲ್ಲ’ ಅಂದು ಹೋಗಿ, ಆಮೇಲೆ ಗಂಜಿ ಮಾಡಿ ಕಳಿಸಿದರು.

ಹಬ್ಬಕ್ಕೆ ಬರುವುದಿಲ್ಲ. ಪರೀಕ್ಷೆ ಎಂದು ಅಣ್ಣನಿಗೆ ಹೇಳಿದೆ. ಪರೀಕ್ಷೆ ಇಲ್ಲ. ಅವನ ಮುಖ ನೋಡಲು ಹೆದರಿಕೆ. ನೀವು ಅವನಿಗೆ ಏನು ಹೇಳಿದಿರಿ? ಅಮ್ಮನಿಗೆ? ನನ್ನ ಮೇಲೆ ಹಾಕಿ ಅತ್ತಿಗೆ. ನಿಸರ್ಗ ತಲೆಕೆಡಿಸಿದಳು ಎಂದರೆ ನಂಬುತ್ತಾರೆ, ಅರ್ಧ ನಿಜವೂ ಹೌದು.

ನಿಸರ್ಗ


ಊರಿನಿಂದ
3 ನವೆಂಬರ್ 2025

ನಿಸರ್ಗಂಗೆ ನಿಮ್ಮಮ್ಮ ಶಿವಕ್ಕ ಹೇಳಿ ಬರೆಸಿದ್ದು. ಹಬ್ಬಕ್ಕೆ ನೀನಿಲ್ಲದೆ ಹೋಳಿಗೆ ಮಾಡಲಿಲ್ಲ, ಕಜ್ಜಾಯ ಮಾಡಿದ್ವಿ. ಅವರೆ ಹೂ ಬಿಟ್ಟಿದೆ. ಸುವರ್ಣಾ ತಾನೇ ಹೋಗಿ ತೆಗೆಸಿಕೊಂಡು ಬಂದಳು. ಈಗ ಎದ್ದು ಓಡಾಡ್ತಾಳೆ, ಭಾರ ಎತ್ತಕ್ಕೆ ನಾನು ಬಿಟ್ಟಿಲ್ಲ. ನಿಮ್ಮಣ್ಣ ಯಾರ ಜೊತೆಗೂ ಸರಿಯಾಗಿ ಮಾತಾಡ್ತಿಲ್ಲ. ನೀನು ಹೊತ್ತೊತ್ತಿಗೆ ತಿನ್ನು.

ಇಲ್ಲಿಂದ ನನ್ನದು. ನಿನ್ನ ಮೇಲೆ ಹಾಕಲಿಲ್ಲ. ಬಂದ ರಾತ್ರಿ ನಿಮ್ಮಣ್ಣನಿಗೆ ಹೇಳಿದೆ, ನನಗೆ ಬೇಡವಾಗಿತ್ತು, ಹೋಗಿ ತೆಗೆಸಿಕೊಂಡೆ ಅಂತ. ಕೂಗಾಡಿದ್ದರೆ ಉತ್ತರ ಕೊಡುತ್ತಿದ್ದೆ. ಚಾಪೆ ಎತ್ತಿಕೊಂಡು ಅಂಗಡಿಗೆ ಹೋದರು. ಊಟಕ್ಕೆ ಬರುತ್ತಾರೆ, ತಟ್ಟೆ ನೋಡಿಕೊಂಡು ತಿಂದು ಹೋಗುತ್ತಾರೆ. ಚಿಕ್ಕವಳನ್ನು ಮಾತ್ರ ಎತ್ತಿಕೊಂಡು ಹೋಗಿ ಟೈರುಗಳ ಮೇಲೆ ಕೂರಿಸಿಕೊಳ್ಳುತ್ತಾರೆ. ಎಷ್ಟು ದಿನ ಹೀಗೆ ಅಂತ ಗೊತ್ತಿಲ್ಲ. ಕೇಳುವುದಕ್ಕೆ ನನಗೂ ಆಗುತ್ತಿಲ್ಲ.

ಅತ್ತೆಗೂ ಅದನ್ನೇ ಹೇಳಿದೆ. ಎರಡು ದಿನ ಮಾತಿಲ್ಲ. ಮೂರನೇ ದಿನ ಮೆಣಸಿನ ಸಾರು ಮಾಡಿ ಬಿಸಿನೀರು ಕಾಯಿಸಿಟ್ಟರು. ಬಾಗಿಲಿಗೆ ಬಂದವರಿಗೆಲ್ಲ ‘ಹೋಯ್ತು ಕಣವ್ವ, ನಿಲ್ಲಲಿಲ್ಲ’ ಅನ್ನುತ್ತಾರೆ. ಬಂದವರು ನನ್ನ ಕೈ ಹಿಡಿದುಕೊಂಡು ಅಳುತ್ತಾರೆ. ಅವರ ಜೊತೆ ಅಳಬೇಕೋ ಬೇಡವೋ ತಿಳಿಯದೆ ತಲೆ ಬಗ್ಗಿಸಿ ಕೂರುತ್ತೇನೆ. ನನ್ನ ಒಳ್ಳೆಯದಕ್ಕೇ ಹೇಳುತ್ತಾರೆ, ಗೊತ್ತು. ಆದರೂ ಅದು ತಾನಾಗಿ ಹೋಗಲಿಲ್ಲ. ಬಸ್ಸು ಹತ್ತಿ, ಮಗು ಎತ್ತಿಕೊಂಡು, ಸಹಿ ಹಾಕಿ ಬಂದವಳು ನಾನು.

ಇವತ್ತು ಕಾಗದ ಬರೆಸುವಾಗ ‘ಸುವರ್ಣಂಗೆ ಹೋಯ್ತು, ದೇವರಿಚ್ಛೆ ಅಂತ ಬರಿ’ ಅಂದರು. ನಾನು ಬರೆದದ್ದು ಮೇಲಿದೆ, ನೀನು ಓದಿದ್ದೀಯ. ಅತ್ತೆಗೆ ಓದು ಬರದು, ಯಾವತ್ತೂ ಓದಿಸಿದವರೂ ಅಲ್ಲ. ಇವತ್ತು ಯಾಕೋ, ‘ಏನ್ ಬರ್ದೆ, ಓದು’ ಅಂದರು.

ಬೇರೆ ಓದಬಹುದಿತ್ತು. ಬರೆದದ್ದನ್ನೇ ಓದಿದೆ.

ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. ‘ದೇವ್ರು ಅಂತ ಬರೀಲಿಲ್ವಾ?’

‘ಇಲ್ಲ ಅತ್ತೆ.’

‘ಆ ಸಾಲು ಇನ್ನೊಂದ್ ಸಲ ಓದು.’

ಓದಿದೆ. ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತಾ ಬೀದಿ ಕಡೆ ನೋಡುತ್ತಾ ಕೂತರು. ಆಮೇಲೆ, ‘ಭಾರ ಎತ್ತಕ್ ಬಿಟ್ಟಿಲ್ಲ ಅನ್ನೋದು ಬರ್ದಿದೀಯ ತಾನೆ?’ ಅಂದರು.

‘ಬರ್ದಿದೀನಿ.’

‘ಸರಿ, ಹಂಗೇ ಇರ್ಲಿ. ಅಂಟ್ಸು.’